ಪಾಠ ಮುಗಿದ ಮೇಲೆ ಕಾಡು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರುಗಳದು. ಉಳಿದವು ಅವರನ್ನು ಸಂಭಾಳಿಸುತ್ತಿರುವ ಮನೆಯವರದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಬಯಲುಸೀಮೆಯಲ್ಲಿ ಗಿಡ ಒತ್ತಿ ಒಣಗಿಸುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ನಿವೃತ್ತಿಯ ನಂತರ ಊರಿಗೆ ಬಂದು ತೋಟದ ಸುತ್ತಲಿನ ಗಿಡಗಳ ಹರ್ಬೇರಿಯಂ (ಒತ್ತಿ ಒಣಗಿಸಿದ ಗಿಡಗಳ ಸಂಗ್ರಹ) ಮಾಡಲು ಹೊರಟೆ. ಜುಲೈನಲ್ಲಿ ಒತ್ತಿದ್ದೆಲ್ಲ ಮೂರೇ ದಿನಕ್ಕೆ ಬೂಷ್ಟು. ಉಳಿದವು ಕಪ್ಪಾಗಿವೆ. ಎಲ್ಲಿ ತಪ್ಪಿದೆ? (ಸಾಗರದಿಂದ)

ಉತ್ತರ: ನಿಮ್ಮ ಕೈ ತಪ್ಪಿಲ್ಲ, ಪೇಪರ್ ತಪ್ಪಿದೆ. ಮಲೆನಾಡಿನ ಜುಲೈನಲ್ಲಿ ಮನೆಯೊಳಗಿನ ಹಳೇ ಪತ್ರಿಕೆ ಮುಟ್ಟಿದರೇ ತಣ್ಣಗಿರುತ್ತದೆ. ಮೊದಲೇ ನೀರು ಕುಡಿದಿರುವ ಪೇಪರ್ ಗಿಡದ ನೀರನ್ನು ಹೀರುವುದು ಹೇಗೆ? ಅದಕ್ಕೇ ಮಳೆಗಾಲದಲ್ಲಿ ಪೇಪರ್ ಬದಲಿಸಿದರೆ ಸಾಲದು, ಹಾಕುವ ಪೇಪರ್ ಬಿಸಿಯಾಗಿ, ಗರಿಗರಿಯಾಗಿ ಇರಬೇಕು. ಇಸ್ತ್ರಿ ಪೆಟ್ಟಿಗೆ ಒಮ್ಮೆ ಓಡಿಸಿದರೂ ನಡೆಯುತ್ತದೆ. ಮೊದಲ ದಿನ 12 ಗಂಟೆಗೊಮ್ಮೆ, ಆಮೇಲೆ ನಾಲ್ಕು ದಿನ ದಿನಕ್ಕೊಮ್ಮೆ ಬದಲಿಸಿ. ಗಿಡವಿರುವ ಒಳಗಿನ ಪೇಪರನ್ನು ಅಲ್ಲಾಡಿಸಬೇಡಿ, ಹೊರಗಿನ ಪದರ ಮಾತ್ರ ಬದಲಿಸಿ. ಒಳಗಿನದನ್ನು ಬಿಚ್ಚಿದರೆ ಅರ್ಧ ಒಣಗಿದ ದಳ ಪೇಪರಿಗೇ ಅಂಟಿಕೊಂಡು ಬರುತ್ತದೆ.

ಇಷ್ಟು ರಗಳೆ ಬೇಡವೆಂದರೆ ಬಲ್ಬಿನ ಪೆಟ್ಟಿಗೆ ಮಾಡಿಕೊಳ್ಳಿ. ಅಡಿಯಲ್ಲಿ 60 ವ್ಯಾಟಿನ ಎರಡು ಬಲ್ಬು. ಎಲ್‌ಇಡಿ ಪ್ರಯೋಜನವಿಲ್ಲ, ಒಳಗೆ ತಂತಿ ಕಾಯುವ ಹಳೇ ನಮೂನೆಯದೇ ಬೇಕು. ಬಲ್ಬಿನಿಂದ ಒಂದಡಿ ಮೇಲೆ ಎರಡು ರೀಪು, ಅದರ ಮೇಲೆ ಒತ್ತುಪಟ್ಟಿ, ಅಂದರೆ ಗಿಡವಿಟ್ಟ ಪೇಪರುಗಳನ್ನು ನಡುವೆ ಇಟ್ಟು ಬಿಗಿಯುವ ಹಲಗೆ ಜೋಡಿ. ಒತ್ತುಪಟ್ಟಿಯನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಪ್ರತಿ ಗಿಡದ ಎರಡೂ ಬದಿಗೆ ಪೇಪರ್, ಅದರಾಚೆ ಪ್ಯಾಕಿಂಗ್ ಡಬ್ಬದ ಅಲೆಅಲೆ ರಟ್ಟು. ರಟ್ಟಿನೊಳಗಿನ ಕೊಳವೆಗಳು ಕೆಳಗಿನಿಂದ ಮೇಲಕ್ಕೆ ಇರಬೇಕು. ಬಿಸಿಗಾಳಿ ಆ ಕೊಳವೆಗಳಲ್ಲಿ ಏರುತ್ತ ತೇವವನ್ನು ಹೊತ್ತೊಯ್ಯುತ್ತದೆ. ರಟ್ಟನ್ನು ಅಡ್ಡ ಇಟ್ಟರೆ ಪೆಟ್ಟಿಗೆ ಬರೀ ಇಡ್ಲಿ ಪಾತ್ರೆಯಾಗುತ್ತದೆ. ಬಿಸಿ ಇದೆ, ಗಾಳಿ ಇಲ್ಲ, ಗಿಡ ಬೇಯುತ್ತದೆ. ಪೆಟ್ಟಿಗೆಯ ಮೇಲ್ಭಾಗ ತೆರೆದೇ ಇರಲಿ. ಶಾಖ 45ರಿಂದ 50 ಡಿಗ್ರಿ ಸಾಕು. ನಿಮ್ಮ ಕಡೆ ಅಡಿಕೆ ಡ್ರೈಯರ್ ಇರುವ ಮನೆಗಳಿವೆ. ಸೀಸನ್ ಇಲ್ಲದಾಗ ಅದರಲ್ಲೂ ಆಗುತ್ತದೆ, ಆದರೆ ಹೊಗೆ ತಾಗುವ ಕಡೆ ಇಡಬೇಡಿ.

ತೆಳು ಎಲೆಯ ಗಿಡ ಒಂದು ದಿನದಲ್ಲಿ, ದಪ್ಪ ಎಲೆಯದು ಎರಡು ದಿನದಲ್ಲಿ ಒಣಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ. ತೊಟ್ಟು ಹಿಡಿದು ಎತ್ತಿದಾಗ ಎಲೆ ಬಾಗದೆ ನೆಟ್ಟಗೆ ನಿಂತರೆ ಆಯಿತು.

ಕಪ್ಪಾಗುವುದರ ಕಾರಣವೂ ಇದೇ. ಕೋಶ ಸತ್ತ ಮೇಲೂ ಅದರ ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ, ನಿಧಾನ ಒಣಗಿದಷ್ಟೂ ಕಪ್ಪು ಹೆಚ್ಚು. ಸೀತಾಳೆಯಂಥ ಆರ್ಕಿಡ್, ರಸಭರಿತ ಗಿಡಗಳ ಕಥೆ ಬೇರೆ. ಅವು ಒತ್ತುಪಟ್ಟಿಯೊಳಗೂ ವಾರಗಟ್ಟಲೆ ಬದುಕಿರುತ್ತವೆ, ಕೊನೆಗೆ ಎಲೆಯೆಲ್ಲ ಉದುರಿಸಿ ಕುಳಿತುಕೊಳ್ಳುತ್ತವೆ. ಒತ್ತುವ ಮೊದಲು ಕಾಂಡ, ಎಲೆಯನ್ನು ಕುದಿವ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ. ಹೂವನ್ನು ಅದ್ದಬೇಡಿ. ಕರ್ಣಕುಂಡಲದ ಜಾತಿಯವುಗಳ ಹೂವು ಕೊಯ್ದ ಅರ್ಧ ಗಂಟೆಗೆ ನೀರಾಗುತ್ತದೆ. ಒಂದೆರಡು ಹೂ ಬೇರೆ ಮಾಡಿ, ದಳ ಬಿಡಿಸಿ, ಟಿಶ್ಯೂ ಕಾಗದದ ನಡುವೆ ಅಲ್ಲೇ ಬಯಲಲ್ಲೇ ಒತ್ತಿಬಿಡಿ.

ನಾಲ್ಕೈದು ದಿನ ಹೊರಗಿದ್ದು ಕರೆಂಟೂ ಇಲ್ಲದಿದ್ದರೆ ಗಿಡಗಳನ್ನು ಪೇಪರಿನಲ್ಲಿ ಜೋಡಿಸಿ ಕಟ್ಟಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪೇಪರ್ ಪೂರ್ತಿ ತೊಯ್ಯುವಷ್ಟು 70 ಶೇಕಡಾ ಆಲ್ಕೊಹಾಲ್ ಹಾಕಿ ಬಾಯಿ ಬಿಗಿಯಿರಿ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆದೀತು. ಎರಡು ಮೂರು ವಾರ ಕೆಡುವುದಿಲ್ಲ. ಬಣ್ಣ ಮಾತ್ರ ಹೋಗುತ್ತದೆ, ಹಾಗಾಗಿ ಹೂವಿನ ಬಣ್ಣವನ್ನು ಅಲ್ಲಿಯೇ ಬರೆದುಕೊಳ್ಳಿ. ಮನೆಗೆ ಬಂದವರು ಆ ಕಟ್ಟನ್ನು ನೇರ ಬಲ್ಬಿನ ಪೆಟ್ಟಿಗೆಗೆ ಇಟ್ಟೀರಿ ಜೋಕೆ! ಆಲ್ಕೊಹಾಲ್ ಹಬೆಗೆ ಬೆಂಕಿ ಹತ್ತುತ್ತದೆ. ಬಿಚ್ಚಿ ಗಾಳಿಗೆ ಹರಡಿ, ಪೇಪರ್ ಬದಲಿಸಿ, ಆಮೇಲೆ ಪೆಟ್ಟಿಗೆ.

ನಿಮ್ಮ ತೋಟದಲ್ಲಿ ಕೊಯ್ಯುವುದು ನಿಮ್ಮಿಷ್ಟ. ಬೇಲಿಯಾಚೆ ಮೀಸಲು ಅರಣ್ಯ, ಅಭಯಾರಣ್ಯವಿದ್ದರೆ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳುವಂತಿಲ್ಲ. 'ನಾನು ಪ್ರೊಫೆಸರ್ ಆಗಿದ್ದೆ' ಎನ್ನುವುದು ಅನುಮತಿಯಲ್ಲ.

ಪ್ರಶ್ನೆ: ನಮ್ಮವರು ಒಣಗಿಸಿದ ಗಿಡದ ಹಾಳೆಗಳನ್ನು ಫ್ರಿಜ್ಜಿನ ಫ್ರೀಜರಿನಲ್ಲಿ ಇಡುತ್ತಾರೆ. ಹುಳ ಸಾಯಲಿ ಅಂತಂತೆ. ಪಕ್ಕದಲ್ಲೇ ಹಸಿ ಬಟಾಣಿ ಇದೆ. ಅಪಾಯವೇ? (ಶಿವಮೊಗ್ಗದಿಂದ)

ಉತ್ತರ: ಅವರು ಮಾಡುತ್ತಿರುವುದು ಸರಿಯಾದ ಕ್ರಮವೇ ಮೇಡಂ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಒಂದು ವಾರದಿಂದ ಹತ್ತು ದಿನ ಫ್ರೀಜರಿನಲ್ಲಿಟ್ಟರೆ ಹುಳ, ಮೊಟ್ಟೆ ಸಾಯುತ್ತವೆ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂರುತ್ತದೆ. ಅವರು ಈಚೆಗೆ ಒಣಗಿಸಿದ ಹಾಳೆಗಳಾದರೆ ಬಟಾಣಿಗೆ ತೊಂದರೆಯಿಲ್ಲ. ಆದರೆ ಕಾಲೇಜಿನಿಂದ ತಂದ ಹಳೇ ಹಾಳೆಗಳೇ ಎಂದು ಕೇಳಿ. ಹಿಂದೆ ಹುಳ ಬಾರದಿರಲೆಂದು ಹರ್ಬೇರಿಯಂ ಹಾಳೆಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಬಳಿಯುವ ರೂಢಿ ಇತ್ತು. ಅದು ಘೋರ ವಿಷ, ಹತ್ತಾರು ವರ್ಷವಾದರೂ ಹಾಳೆಯಲ್ಲೇ ಉಳಿದಿರುತ್ತದೆ. ಅಂಥವು ಅಡುಗೆಮನೆಯ ಹೊಸ್ತಿಲು ದಾಟಕೂಡದು. ಕೈಗವಸು ಹಾಕಿಯೇ ಮುಟ್ಟಬೇಕು.

ಪ್ರಶ್ನೆ: ನಾನಿರುವುದು ಸಿಂಗಪುರದಲ್ಲಿ. ಅಪ್ಪನಿಗೆ 71, ಜೀವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಚಿಕ್ಕಮಗಳೂರಿನಲ್ಲಿ ಒಬ್ಬರೇ. ವಾರಕ್ಕೆರಡು ದಿನ ಗುಡ್ಡ ಹತ್ತಲು ಹೋಗುತ್ತಾರೆ. ಬಿಪಿ ಮಾತ್ರೆ, ಆಸ್ಪಿರಿನ್ ನಡೆಯುತ್ತಿದೆ. ಹೋಗಬೇಡಿ ಎಂದರೆ ಮಾತು ಬಿಡುತ್ತಾರೆ. ಏನು ಮಾಡಲಿ?

ಉತ್ತರ: ಹೋಗಬೇಡಿ ಅನ್ನಬೇಡಿ. ಹೇಗೆ ಹೋಗಬೇಕೆಂದು ಕರಾರು ಮಾಡಿಕೊಳ್ಳಿ.

ಮೊದಲು ಡಾಕ್ಟರ ಹತ್ತಿರ ಒಂದು ಪ್ರಶ್ನೆ: ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದೆಯೇ? ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಎಂದು ಪಟ್ಟಿಯ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ. ಇದ್ದರೆ ಬೆವರಿದಾಗ ದೇಹದ ನೀರು, ಉಪ್ಪು ಬೇಗ ಇಳಿಯುತ್ತದೆ. ಚಾರಣದ ದಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕೆಂದು ಡಾಕ್ಟರೇ ಹೇಳಲಿ, ತಾವಾಗಿ ನಿಲ್ಲಿಸುವುದು ಬೇಡ. ನಾಲ್ಕು ಗಂಟೆಯ ನಡಿಗೆಗೆ ಎರಡು ಲೀಟರ್ ನೀರು, ಜೊತೆಗೆ ಓಆರ್‌ಎಸ್ ಪ್ಯಾಕೆಟ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು; ಚಮಚವೆಂದರೆ ಟೀ ಚಮಚ.

ಗಿಡ ನೋಡುವವರಿಗೇ ಆಗುವ ಒಂದು ಅಪಾಯವಿದೆ. ಕುಕ್ಕರಗಾಲಲ್ಲಿ ಐದು ನಿಮಿಷ ಕೂತು ಲೆನ್ಸಿನಲ್ಲಿ ಪಾಚಿ ನೋಡಿ ದಡಕ್ಕನೆ ಎದ್ದರೆ ರಕ್ತ ತಲೆಗೇರುವಷ್ಟರಲ್ಲಿ ಕಣ್ಣು ಕತ್ತಲಿಡುತ್ತದೆ. ಬಿಪಿ ಮಾತ್ರೆಯವರಿಗೆ ಇದು ಇನ್ನೂ ಹೆಚ್ಚು. ಬಂಡೆಯ ಅಂಚಿನಲ್ಲಿ ಇದಾದರೆ ಮುಗಿಯಿತು. ಒಂದು ಮಂಡಿಯೂರಿ ಕೂರುವ ಅಭ್ಯಾಸ ಮಾಡಲಿ. ಏಳುವಾಗ ಆ ಮಂಡಿಯ ಮೇಲೇ ಅರ್ಧ ನಿಮಿಷ ನಿಂತು, ಕೋಲು ಹಿಡಿದು ಏಳಲಿ.

ಕೋಲು ಎರಡಿರಲಿ. ನಿಂತಾಗ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಇನ್ನೂ 5ರಿಂದ 10 ಸೆಂಟಿಮೀಟರ್ ಹೆಚ್ಚು. ಮಂಡಿ ನೋವು ಶುರುವಾಗುವುದು ಹತ್ತುವಾಗಲ್ಲ, ಇಳಿಯುವಾಗ. ಮುಳ್ಳಯ್ಯನಗಿರಿಯಂಥ ಕಡೆ ಹತ್ತುವುದಕ್ಕಿಟ್ಟಷ್ಟೇ ಹೊತ್ತನ್ನು ಇಳಿಯುವುದಕ್ಕೂ ಇಡಬೇಕು. ಎಲ್ಲೇ ಇರಲಿ, ಮಧ್ಯಾಹ್ನ ಒಂದು ಗಂಟೆಗೆ ಹಿಂತಿರುಗುವುದು. ತುದಿ ಹತ್ತು ನಿಮಿಷ ದೂರವಿದ್ದರೂ ಸರಿ. ಹತ್ತುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಎದೆ, ದವಡೆ, ಎಡತೋಳಿನ ಬಿಗಿತ ಬಂದರೆ ಅಲ್ಲೇ ಕೂತು 112ಕ್ಕೆ ಫೋನು. 'ಗ್ಯಾಸ್ ಇರಬೇಕು' ಎನ್ನುತ್ತ ಇನ್ನೂ ಹತ್ತುವವರೇ ಹೆಚ್ಚು.

ಅಟ್ಟದಲ್ಲಿದ್ದ ಹಳೇ ಟ್ರೆಕ್ಕಿಂಗ್ ಬೂಟು ಹಾಕಿಕೊಂಡು ಹೋಗುತ್ತಿದ್ದಾರಾ ಕೇಳಿ. ಪಾಲಿಯುರೆಥೇನ್ ಅಟ್ಟೆಯ ಬೂಟು ಬಳಸದೆ ಐದಾರು ವರ್ಷ ಇಟ್ಟರೆ ನಮ್ಮ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ನೋಡಲು ಹೊಸದರಂತಿದ್ದು ಎರಡನೇ ಗಂಟೆಯಲ್ಲಿ ಅಟ್ಟೆ ಪೂರ್ತಿ ಕಳಚಿಬೀಳುತ್ತದೆ. ಹೆಬ್ಬೆರಳಿನಿಂದ ಅಟ್ಟೆಯ ಬದಿಯನ್ನು ಗಟ್ಟಿಯಾಗಿ ಒತ್ತಿ ನೋಡಲಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಎಸೆಯಲಿ.

ಆಸ್ಪಿರಿನ್ ಇರುವವರಿಗೆ ಉಂಬಳ (ನೆಲದ ಜಿಗಣೆ) ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಉಂಬಳದ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ, ಮೇಲಿಂದ ಮಾತ್ರೆಯದೂ ಸೇರುತ್ತದೆ. ಮಂಡಿಯವರೆಗೆ ಬರುವ ಒತ್ತು ನೇಯ್ಗೆಯ ಹತ್ತಿ ಕಾಲುಚೀಲ ಹೊಲಿಸಿ, ಬೂಟಿನೊಳಗಿನಿಂದ ಪ್ಯಾಂಟಿನ ಮೇಲೆ ಕಟ್ಟಿಕೊಳ್ಳಲಿ. ಕಚ್ಚಿದ ಉಂಬಳವನ್ನು ಉಗುರಿನಿಂದ ಸಣ್ಣ ತುದಿಯ ಕಡೆಯಿಂದ ಜಾರಿಸಿ ತೆಗೆಯಬೇಕು. ಎಳೆಯಬಾರದು, ಬೆಂಕಿ ತೋರಿಸಬಾರದು. ಗಾಯದ ಮೇಲೆ ಬಟ್ಟೆ ಇಟ್ಟು ನಡುವೆ ಎತ್ತಿ ನೋಡದೆ 15 ನಿಮಿಷ ಒತ್ತಿ ಹಿಡಿಯಬೇಕು. ನಾವು ತಪ್ಪುವುದೇ ಅಲ್ಲಿ, ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತೇವೆ.

ನಿಮ್ಮ ಕಡೆಯ ಕರಾರು ಇಷ್ಟು: ಹೊರಡುವ ಮೊದಲು ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಎಂದು ಊರಲ್ಲಿರುವ ಒಬ್ಬರಿಗೆ ಬರೆದು ಕಳಿಸುವುದು. ಸಿಂಗಪುರಕ್ಕೆ ಕಳಿಸಿದರೆ ನೀವು ಗಾಬರಿಯಾಗುತ್ತೀರಿ, ಬೇರೇನೂ ಆಗುವುದಿಲ್ಲ. ಹೇಳಿದ ಹೊತ್ತು ಮೀರಿ ಎರಡು ಗಂಟೆಯಾದರೆ ಆ ಊರಿನವರು ಹುಡುಕಲು ಹೊರಡಬೇಕು. ಕುತ್ತಿಗೆಯಲ್ಲಿ ಸೀಟಿ, ಮೂರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ.

ಪ್ರಶ್ನೆ: ಮಂಗನ ಕಾಯಿಲೆ ಹೆದರಿಕೆಯಿಂದ ಡಿಸೆಂಬರ್ ನಂತರ ಕಾಡಿನ ಕಡೆ ಕಾಲಿಡುವುದನ್ನೇ ಬಿಟ್ಟಿದ್ದೇನೆ. ಪಕ್ಷಿ ನೋಡಲು ಒಳ್ಳೆಯ ಕಾಲವೇ ಅದು. ಪೂರ್ತಿ ಬಿಡಬೇಕೇ? (ತೀರ್ಥಹಳ್ಳಿಯಿಂದ)

ಉತ್ತರ: ಮಳೆಗಾಲಕ್ಕೆ ಉಂಬಳ, ಬೇಸಿಗೆಗೆ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ಸನ್ನು ಹರಡುವುದು ಮುಖ್ಯವಾಗಿ ಉಣುಗಿನ ಮರಿಗಳು. ಅವು ಒಣ ತರಗೆಲೆಯಲ್ಲಿ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಎಳ್ಳುಕಾಳಿಗಿಂತ ಸಣ್ಣವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನಿಮ್ಮ ಸುತ್ತ ಮಂಗ ಸತ್ತ ಸುದ್ದಿ ಇದ್ದರೆ, ಕಾಯಿಲೆ ಕಂಡ ಊರಾದರೆ ಆ ಕಾಡು ಬಿಡಿ, ವಾದ ಬೇಡ. ಉಳಿದ ಕಡೆ ಹಕ್ಕಿ ನೋಡಲು ಕಾಡೊಳಗೇ ಹೋಗಬೇಕೆಂದಿಲ್ಲ, ಕೆರೆ ಏರಿ, ಗದ್ದೆ ಬಯಲು, ರಸ್ತೆ ಅಂಚು ಸಾಕು.

ಹೋಗುವುದಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಿಳಿ ಅಥವಾ ತಿಳಿಬಣ್ಣದ ಬಟ್ಟೆ, ಪ್ಯಾಂಟು ಕಾಲುಚೀಲದೊಳಗೆ. ತರಗೆಲೆಯ ಮೇಲೆ ಕೂರಬೇಡಿ, ಚೀಲವನ್ನೂ ಇಡಬೇಡಿ. ಮನೆಗೆ ಬಂದವರು ಬಟ್ಟೆಯನ್ನು ಒಳಗೆ ತರದೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರು ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿರುವ ಉಣುಗನ್ನು ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ, ಬೆರಳಲ್ಲಿ ಹಿಸುಕುವುದೂ ಬೇಡ.

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ 'ಕಾಡಿಗೆ ಹೋಗಿದ್ದೆ' ಎಂದು ಮೊದಲ ವಾಕ್ಯದಲ್ಲೇ ಹೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ರಕ್ತಸ್ರಾವ ಆಗಬಹುದಾದ ಕಾಯಿಲೆ ಇದು, ಬೇರೆ ನೋವಿನ ಮಾತ್ರೆ ನುಂಗಿ ಕೆಡಿಸಿಕೊಳ್ಳಬೇಡಿ. ಸತ್ತ ಮಂಗದ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಹೆಣ ತಣ್ಣಗಾಗುತ್ತಲೇ ಅದರ ಮೈಮೇಲಿನ ಉಣುಗೆಲ್ಲ ಸುತ್ತಲ ತರಗೆಲೆಗೆ ಇಳಿಯುತ್ತವೆ.

ಪ್ರಶ್ನೆ: ತೋಟದಲ್ಲಿ ಮಳೆ ಅಳೆಯುತ್ತಿದ್ದೇನೆ. ಪಕ್ಕದ ಎಸ್ಟೇಟಿನವರ ಲೆಕ್ಕಕ್ಕೂ ನನ್ನದಕ್ಕೂ ತಾಳೆಯಾಗುವುದಿಲ್ಲ. ಅವರು ಇಂಚು, ಸೆಂಟ್ಸ್ ಎನ್ನುತ್ತಾರೆ. ಮಾಪಕ ಮನೆಯಲ್ಲೇ ಮಾಡಿದ್ದು. (ಕೊಪ್ಪದಿಂದ)

ಉತ್ತರ: ಒಂದಿಂಚು ಮಳೆ ಎಂದರೆ 100 ಸೆಂಟ್ಸ್, 25.4 ಮಿಲಿಮೀಟರ್. ಅವರು '1 ಇಂಚು 20' ಎಂದರೆ ನಿಮ್ಮ ಲೆಕ್ಕದಲ್ಲಿ 30.5 ಮಿ.ಮೀ. ಬರಬೇಕು. ಇದು ಸರಿಹೊಂದಿಸಿದ ಮೇಲೂ ವ್ಯತ್ಯಾಸವಿದ್ದರೆ ಮಾಪಕ ನೋಡಬೇಕು.

ಆಲಿಕೆಯ ಒಳ ವ್ಯಾಸ ಸರಿಯಾಗಿ 16 ಸೆಂ.ಮೀ. ಇದ್ದರೆ ಅದರ ಬಾಯಿ ಸುಮಾರು 200 ಚದರ ಸೆಂ.ಮೀ. ಆಗುತ್ತದೆ. ಆಗ ಒಂದು ಮಿ.ಮೀ. ಮಳೆಗೆ 20 ಮಿಲಿಲೀಟರ್ ನೀರು. ಕ್ಯಾನಿನ ನೀರನ್ನು ಲ್ಯಾಬಿನ ಅಳತೆ ಜಾಡಿಗೆ ಸುರಿದು 20ರಿಂದ ಭಾಗಿಸಿದರೆ ಮುಗಿಯಿತು. ಬೇರೆ ವ್ಯಾಸವಿದ್ದರೆ ಲೆಕ್ಕ ಬೇರೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ, ಬಾಟಲಿಯ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಅದೇ ಮಳೆ ಎಂದು ಬರೆಯುತ್ತಾರೆ. ಆಲಿಕೆಯ ಬಾಯಿ ಬಾಟಲಿಗಿಂತ ಅಗಲವಿದ್ದಾಗ ಅದು ಮಳೆಗಿಂತ ಎಷ್ಟೋ ಹೆಚ್ಚು ತೋರಿಸುತ್ತದೆ.

ಒಳಗಿನ ಕ್ಯಾನು 5 ಲೀಟರಿನದಿರಲಿ, ಅದರಲ್ಲಿ 250 ಮಿ.ಮೀ. ಹಿಡಿಯುತ್ತದೆ. ನಿಮ್ಮ ಕಡೆ ಪುಷ್ಯ ಮಳೆ ಹಿಡಿದು ಹೊಡೆದ ರಾತ್ರಿ ಎರಡು ಲೀಟರಿನ ಬಾಟಲಿ ತುಂಬಿ ಚೆಲ್ಲಿ, ನೀವು ಎದ್ದು ನೋಡುವಾಗ ಸರಿಯಾಗಿ 100 ತೋರಿಸುತ್ತಿರುತ್ತದೆ. ಆಲಿಕೆಯ ಅಂಚು ನೆಲದಿಂದ 30 ಸೆಂ.ಮೀ. ಎತ್ತರ, ಸುತ್ತ ಹುಲ್ಲು. ಸಿಮೆಂಟ್ ಅಂಗಳವಾದರೆ ಸಿಡಿದ ಹನಿಯೂ ಒಳಗೆ ಬೀಳುತ್ತದೆ. ಮರ, ಮನೆಯ ಎತ್ತರದ ಎರಡು ಪಟ್ಟು ದೂರ ಬೇಕು. ಅಡಿಕೆ ತೋಟದ ನಡುವೆ ಇಟ್ಟು ಅಳೆದದ್ದು ಮಳೆಯಲ್ಲ, ಸೋಗೆಯಿಂದ ಇಳಿದ ನೀರು.

ಹೊತ್ತು ಬೆಳಗ್ಗೆ 8.30. ಹವಾಮಾನ ಇಲಾಖೆಯದೂ ಅದೇ. ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನಾಂಕಕ್ಕೇ ಬರೆಯಬೇಕು. ಪಕ್ಕದವರು ಹಿಂದಿನ ದಿನಕ್ಕೆ ಬರೆಯುತ್ತಿದ್ದರೆ ತಿಂಗಳ ಮೊತ್ತ ತಾಳೆಯಾದರೂ ದಿನದ್ದು ಆಗುವುದಿಲ್ಲ. ನೀವು ಊರಲ್ಲಿಲ್ಲದ ದಿನಕ್ಕೆ ಸೊನ್ನೆ ಹಾಕಬೇಡಿ, ಗೆರೆ ಎಳೆಯಿರಿ. ಬಂದ ಮೇಲೆ ಅಳೆದದ್ದನ್ನು '3 ದಿನದ್ದು' ಎಂದು ಬರೆಯಿರಿ. ಸೊನ್ನೆ ಎಂದರೆ ಮಳೆ ಬಂದಿಲ್ಲವೆಂದು, ಗೆರೆ ಎಂದರೆ ನೋಡಿಲ್ಲವೆಂದು. ಇವೆರಡನ್ನು ಬೆರೆಸಿದ ಮೂವತ್ತು ವರ್ಷದ ಪುಸ್ತಕ ಯಾವ ಲೆಕ್ಕಕ್ಕೂ ಬರುವುದಿಲ್ಲ. ಪಕ್ಕದಲ್ಲೊಂದು ಕಾಲಂನಲ್ಲಿ ಮಳೆ ನಕ್ಷತ್ರವನ್ನೂ ಬರೆಯಿರಿ. ಊರಿನವರು ನೆನಪಿಟ್ಟುಕೊಳ್ಳುವುದು ಆರಿದ್ರಾ, ಪುನರ್ವಸು ಎಂದೇ. ಅವರ ಮಾತನ್ನು ನಿಮ್ಮ ಅಂಕಿಗೆ ಹೋಲಿಸಲು ಅದೊಂದೇ ದಾರಿ.

ಪ್ರಶ್ನೆ: ಮಕ್ಕಳು ನಿವೃತ್ತಿಗೆ ಬೈನಾಕ್ಯುಲರ್ ಕೊಡಿಸುತ್ತಾರಂತೆ. 8×42 ಅಥವಾ 10×42? ಕನ್ನಡಕವಿದೆ. (ಧಾರವಾಡದಿಂದ)

ಉತ್ತರ: ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂದು, ಎರಡನೆಯದು ಮುಂದಿನ ಮಸೂರದ ಅಗಲ ಎಷ್ಟು ಮಿ.ಮೀ. ಎಂದು. 10 ಬೇಡ. ಕೈ ನಡುಕವೂ ಹತ್ತು ಪಟ್ಟಾಗುತ್ತದೆ. 8×42 ಎಲ್ಲರೂ ಹೇಳುವ ಉತ್ತರ, ಆದರೆ ನಮ್ಮ ಮತ 8×32ಕ್ಕೆ. ಕಾರಣ ಇದು: 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ. ಅಗಲದ ಬೆಳಕು ಹೊರಬರುತ್ತದೆ. ಅರವತ್ತು ದಾಟಿದವರ ಪಾಪೆ ಸಾಮಾನ್ಯವಾಗಿ ಅಷ್ಟು ಅಗಲ ತೆರೆಯುವುದಿಲ್ಲ. ಹೆಚ್ಚಿನ ಬೆಳಕು ಕಣ್ಣೊಳಗೆ ಹೋಗದೆ ವ್ಯರ್ಥ. 8×32ರಲ್ಲಿ 4 ಮಿ.ಮೀ. ಬರುತ್ತದೆ, ಹಗಲಿಗೆ ಧಾರಾಳ. ತೂಕ ಸುಮಾರು 200 ಗ್ರಾಂ ಕಡಿಮೆ, ಅದು ಮೂರನೇ ಗಂಟೆಯಲ್ಲಿ ಕುತ್ತಿಗೆಗೆ ಗೊತ್ತಾಗುತ್ತದೆ. ಮುಸ್ಸಂಜೆಯಲ್ಲಿ ಗೂಬೆ, ನತ್ತಿಂಗ ನೋಡುವ ಹುಚ್ಚಿದ್ದರೆ ಮಾತ್ರ 42.

ಕನ್ನಡಕದವರು ಕೇಳಬೇಕಾದ ಇನ್ನೊಂದು ಅಂಕಿ ಐ ರಿಲೀಫ್, ಅಂದರೆ ಮಸೂರದಿಂದ ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬ ಅಳತೆ. 16 ಮಿ.ಮೀ.ಗಿಂತ ಕಡಿಮೆಯಿದ್ದರೆ ನಡುವಿನ ಸಣ್ಣ ವೃತ್ತವಷ್ಟೇ ಕಾಣುತ್ತದೆ. ಕಣ್ಣಿನ ಬಟ್ಟಲನ್ನು ಒಳಕ್ಕೆ ತಿರುಗಿಸಿಟ್ಟು, ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ನೋಡಿ. ಕೊಂಡ ದಿನವೇ ಎರಡು ಕಣ್ಣಿಗೆ ಹೊಂದಿಸಿಕೊಳ್ಳಿ: ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ದೂರದ ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿ. ಚಕ್ರ ಮುಟ್ಟದೆ, ಎಡಗಣ್ಣು ಮುಚ್ಚಿ ಬಲಗಡೆಯ ಕಣ್ಣಿನ ಹತ್ತಿರದ ಬಳೆಯನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಇದನ್ನು ಮಾಡದೆ 'ತಲೆನೋವು ಬರುತ್ತದೆ' ಎಂದು ಬೀರುವಿನಲ್ಲಿಟ್ಟವರು ಬಹಳ. ಚರ್ಮದ ಚೀಲದಲ್ಲಿ ಇಡಬೇಡಿ, ಮಸೂರಕ್ಕೆ ಬೂಷ್ಟು ಹತ್ತಿದರೆ ಅದು ಲೇಪನವನ್ನೇ ತಿನ್ನುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಧೂಳನ್ನು ಮೊದಲು ಊದಿ, ಆಮೇಲೆ ಒರೆಸಿ. ಪಂಚೆಯ ಅಂಚಿನಿಂದ ಒರೆಸುವ ಅಭ್ಯಾಸ ಇವತ್ತೇ ಬಿಡಿ.

ಪ್ರಶ್ನೆ: 1984ರಿಂದ ಬರೆದ 41 ಕ್ಷೇತ್ರ ದಿನಚರಿಗಳಿವೆ. ಹಕ್ಕಿ, ಹೂ ಬಿಡುವ ಕಾಲ, ಕಪ್ಪೆ, ಎಲ್ಲ ಇದೆ. ಫೋಟೋ ಸ್ಲೈಡುಗಳೂ ಇವೆ. ಮಕ್ಕಳಿಗೆ ಆಸಕ್ತಿಯಿಲ್ಲ. ನನ್ನ ನಂತರ ರದ್ದಿಗೆ ಹೋಗುತ್ತದೆಯೇ? (ಮೈಸೂರಿನಿಂದ)

ಉತ್ತರ: ಈಗಿನ ಸ್ಥಿತಿಯಲ್ಲಿ ಹೋಗುವ ಸಾಧ್ಯತೆಯೇ ಹೆಚ್ಚು. ಬೆಲೆ ಇಲ್ಲವೆಂದಲ್ಲ, ಓದಲು ನೀವೊಬ್ಬರೇ ಇರುವುದರಿಂದ. 'ಆ ದೊಡ್ಡ ಕೆರೆ', 'ಹಳೇ ಬಂಗಲೆ ಹಿಂದೆ', 'ಕೆ. ಬೆಟ್ಟ' ಎಂದರೆ ಯಾವುದು ಎಂದು ನಿಮಗಷ್ಟೇ ಗೊತ್ತು. ಹಾಗಾಗಿ ಸ್ಕ್ಯಾನಿಂಗಿಗೆ ಓಡುವ ಮೊದಲು ಜಾಗಗಳ ಸೂಚಿ ಮಾಡಿ. ಒಂದು ನೋಟುಬುಕ್ಕಿನಲ್ಲಿ ದಿನಚರಿಯಲ್ಲಿ ಬರುವ ಪ್ರತಿ ಹೆಸರು, ಅದರ ಮುಂದೆ ಊರು, ತಾಲ್ಲೂಕು, ಫೋನಿನ ನಕ್ಷೆಯಿಂದ ಅಕ್ಷಾಂಶ ರೇಖಾಂಶ ದಶಮಾಂಶದ ನಾಲ್ಕು ಸ್ಥಾನದವರೆಗೆ. ಅಷ್ಟಿದ್ದರೆ ಹತ್ತು ಹನ್ನೊಂದು ಮೀಟರಿನೊಳಗೆ ಜಾಗ ಸಿಗುತ್ತದೆ. ಎರಡನೆಯದು ಸಂಕ್ಷೇಪಗಳ ಪಟ್ಟಿ. ಈ ಎರಡನ್ನು ಬೇರೆ ಯಾರೂ ಮಾಡಲಾರರು, ಉಳಿದದ್ದನ್ನು ಯಾರು ಬೇಕಾದರೂ ಮಾಡಿಯಾರು.

ಪುಟಗಳನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಪೆನ್ಸಿಲಿನ ಗುರುತು ಕಪ್ಪುಬಿಳುಪಿನಲ್ಲಿ ಮಾಯವಾಗುತ್ತದೆ. ಸ್ಲೈಡಿಗೆ 300 ಸಾಲದು. 35 ಮಿ.ಮೀ. ಸ್ಲೈಡನ್ನು 3,000 ಡಿಪಿಐನಲ್ಲಿ ಮಾಡಿದರೆ ಸುಮಾರು 12 ಮೆಗಾಪಿಕ್ಸೆಲ್ ಚಿತ್ರ ಬರುತ್ತದೆ. ಕಡತದ ಹೆಸರು 1991-06-14 ಎಂದು ವರ್ಷದಿಂದ ಶುರುವಾಗಲಿ, ತಾನಾಗಿ ಸಾಲಾಗಿ ನಿಲ್ಲುತ್ತದೆ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಹಕ್ಕಿಗಳ ಪಟ್ಟಿಯನ್ನು ಪಕ್ಷಿವೀಕ್ಷಕರ ಜಾಲತಾಣವಾದ ಇ-ಬರ್ಡ್‌ಗೆ ಹಾಕಬಹುದು. ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂದು ಬರೆದಿಲ್ಲದ ದಿನಗಳಿಗೆ 'ಹಿಸ್ಟಾರಿಕಲ್' ಎಂಬ ಆಯ್ಕೆ ಇದೆ. ನೆನಪಿನಿಂದ ಸಂಖ್ಯೆ ತುಂಬಬೇಡಿ. ಕಾಗದಗಳಿಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ಆರ್ಕೈವ್ಸ್ ಇದೆ, 2019ರಿಂದ ವಿಜ್ಞಾನಕ್ಕೆ ಸಂಬಂಧಿಸಿದ ಇಂಥ ದಾಖಲೆಗಳನ್ನು ಕೂಡಿಡುತ್ತಿದೆ. ಗಿಡದ ಹಾಳೆಗಳೂ ಇದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಅನ್ನು ವಿಚಾರಿಸಿ. ಎಲ್ಲರೂ ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ, ಮೊದಲು ಎರಡು ಪುಟದ ಪಟ್ಟಿ ಕಳಿಸಿ. ಕೊಡುವಾಗ ಒಂದು ಪತ್ರದಲ್ಲಿ ಬರೆದುಕೊಡಿ: ಯಾರು ಬಳಸಬಹುದು, ಅಪರೂಪದ ಆರ್ಕಿಡ್, ನೀರುನಾಯಿಯ ಬಿಲದಂಥ ಜಾಗಗಳನ್ನು ಬಹಿರಂಗ ಮಾಡಬಾರದು ಎಂದು. ಗೋಡೆಯ ಮೇಲೆ ಜಿಂಕೆ ಕೊಂಬು ಇತ್ಯಾದಿ ಇದ್ದರೆ ಅದನ್ನು ಯಾರಿಗೂ ದಾನ ಮಾಡಲು ಹೋಗಬೇಡಿ. ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ, ಅರಣ್ಯ ಇಲಾಖೆಯನ್ನು ಕೇಳಿ.

ಪ್ರಶ್ನೆ: ನಾನು ಕಲಿಸುತ್ತಿದ್ದ ಕಾಲೇಜಿನವರು ಪ್ರಾಣಿಶಾಸ್ತ್ರ ಮ್ಯೂಸಿಯಂ ಸರಿಮಾಡಿಕೊಡಿ ಎಂದಿದ್ದಾರೆ. ಜಾಡಿಗಳಲ್ಲಿ ಅರ್ಧ ದ್ರವವಿಲ್ಲ. (ತುಮಕೂರಿನಿಂದ)

ಉತ್ತರ: ಜಾಡಿಯಲ್ಲಿರುವುದು ಆಲ್ಕೊಹಾಲೋ ಫಾರ್ಮಲಿನ್ನೋ (ನೀರಲ್ಲಿ ಕರಗಿದ ಫಾರ್ಮಾಲ್ಡಿಹೈಡ್) ಎಂದು ಮೊದಲು ತಿಳಿಯಬೇಕು. ಮೂಗಿನಿಂದ ಪರೀಕ್ಷಿಸಬೇಡಿ, ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಡಿ: 70 ಶೇಕಡಾ ಆಲ್ಕೊಹಾಲ್ 0.89ರ ಆಸುಪಾಸು ತೋರಿಸುತ್ತದೆ, ದುರ್ಬಲ ಫಾರ್ಮಲಿನ್ 1ಕ್ಕಿಂತ ತುಸು ಮೇಲೆ. ಒಂದರ ಮೇಲೆ ಇನ್ನೊಂದನ್ನು ಸುರಿಯಬಾರದು. ಫಾರ್ಮಲಿನ್ ಆದರೆ ಒಂದು ಭಾಗ ಅಂಗಡಿಯ ಫಾರ್ಮಲಿನ್‌ಗೆ ಒಂಬತ್ತು ಭಾಗ ನೀರು, ಲೀಟರಿಗೆ ನಾಲ್ಕು ಗ್ರಾಂ ಬೊರಾಕ್ಸ್. ಬೊರಾಕ್ಸ್ ಇಲ್ಲದಿದ್ದರೆ ಆಮ್ಲವಾಗುತ್ತ ಹೋಗಿ ಮೀನು, ಕಪ್ಪೆಯ ಮೂಳೆ ಕರಗುತ್ತದೆ. ಒಳ್ಳೆಯ ಮಾದರಿಗಳನ್ನು ಎರಡು ದಿನ ನೀರಲ್ಲಿ ತೊಳೆದು 30, 50, 70 ಶೇಕಡಾ ಆಲ್ಕೊಹಾಲಿಗೆ ಹಂತಹಂತವಾಗಿ ದಾಟಿಸಿ. ನೇರ 70ಕ್ಕೆ ಹಾಕಿದರೆ ಸುಕ್ಕುಗಟ್ಟುತ್ತವೆ. ಹೊರಗಂಟಿಸಿದ ಚೀಟಿ ಉದುರಿದೆಯೆಂದು ನಾವು ಬಲ್ಲೆವು. ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ದ್ರವದೊಳಗೇ ಹಾಕಿ. ಊರು, ದಿನಾಂಕವಿಲ್ಲದ ಜಾಡಿ ಪಾಠಕ್ಕಷ್ಟೇ, ಊಹಿಸಿ ಬರೆಯಬೇಡಿ. ಹಾವು, ಆಮೆ, ಹಕ್ಕಿಗಳಿದ್ದರೆ ಪಟ್ಟಿ ಮಾಡಿ ಪ್ರಾಂಶುಪಾಲರ ಮೂಲಕ ಅರಣ್ಯ ಇಲಾಖೆಗೆ ತಿಳಿಸುವುದು ಲೇಸು.

ಪ್ರಶ್ನೆ: ಪಾರ್ಶ್ವವಾಯು ಆದ ಮೇಲೆ ಗೇಟಿನಾಚೆ ಹೋಗಲಾರೆ. ಮನೆ ಮುಂದೆ ಒಂದು ಹೊಂಗೆ ಮರವಿದೆ, ಅಷ್ಟೇ. (ಹಾಸನದಿಂದ)

ಉತ್ತರ: ಸಾಕು ಸರ್. ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ, ಭಾನುವಾರ ಬೆಳಗ್ಗೆ ಎನ್ನಿ. ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಎಳೆಗಾಯಿ, ಒಣಗಾಯಿ ಎಂದು ಆರು ಕಾಲಂ. ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ಬಹಳ. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ. ಹೊಂಗೆ ಎಲೆ ಉದುರಿಸಿ ಚಿಗುರುವುದು ಕೆಲವೇ ದಿನದಲ್ಲಿ ಮುಗಿಯುತ್ತದೆ, ಆ ವಾರಗಳಲ್ಲಿ ದಿನಾ ನೋಡಿ. 'ಇಲ್ಲ' ಎಂದು ಬರೆಯಲು ಬೇಸರಿಸಬೇಡಿ, ಹೂ ಶುರುವಾದ ವಾರ ಗೊತ್ತಾಗುವುದೇ ಅದರ ಹಿಂದಿನ ವಾರದ 'ಇಲ್ಲ'ದಿಂದ. ಸೀಸನ್‌ವಾಚ್ ಎಂಬ ದೇಶವ್ಯಾಪಿ ಯೋಜನೆಯಲ್ಲಿ ಮರವನ್ನು ನೋಂದಾಯಿಸಿ ಫೋನಿನಿಂದಲೇ ಕಳಿಸಬಹುದು. ಬೀದಿಯಲ್ಲಿ ಇನ್ನೂ ನಾಲ್ಕು ಹೊಂಗೆ ಇದ್ದರೆ ನಿಮ್ಮದಕ್ಕೆ ಗುರುತು ಬೇಕಾಗುತ್ತದೆ. ಮೊಳೆ ಹೊಡೆಸಬೇಡಿ. ನೈಲಾನ್ ದಾರದಲ್ಲಿ ಸಡಿಲವಾಗಿ ಚೀಟಿ ಕಟ್ಟಿಸಿ, ವರ್ಷಕ್ಕೊಮ್ಮೆ ಗಂಟು ಬಿಚ್ಚಿಸಿ ಮತ್ತೆ ಸಡಿಲಿಸಿ. ಕಾಂಡ ದಪ್ಪವಾಗುತ್ತದೆ, ದಾರ ಬೆಳೆಯುವುದಿಲ್ಲ.